ಕೈಯೊತ್ತಿನ ಮಂಜು: ಉಸಿರಿನ ಮದ್ದಿನ ಒಂದು ಹಳೆಯ ಉಪಕರಣ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣದ ಬರೆಹ)



ನಮ್ಮ ರವಿವಾರದ ಸಭೆಗಳಲ್ಲಿ ಕಾವ್ಯವಾಚನ, ನಾಟಕ, ಊರ ಕಡೆಯ ಸುದ್ದಿ ಇವೇ ಹೆಚ್ಚು. ಈ ದಿನ ಇವಾವುವೂ ಅಲ್ಲದ ಒಂದು ವಸ್ತುವಿನ ವಿಚಾರವನ್ನು ತಮ್ಮ ಮುಂದಿಡಬೇಕೆಂದಿದ್ದೇವೆ. ವಸ್ತು ಈ ಮೇಜಿನ ಮೇಲೆಯೇ ಇದೆ. ನಿಂಬೆಹಣ್ಣಿನ ಗಾತ್ರದ ಒಂದು ಗಾಜಿನ ಬುಡ್ಡಿ; ಅದಕ್ಕೆ ಮುಂದೆ ಕೊಳವೆಯಂಥ ಒಂದು ಬಾಯಿ; ಹಿಂದೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ರಬ್ಬರಿನ ಚೆಂಡು. ನಮ್ಮ ಸದಸ್ಯರೊಬ್ಬರು ಇದನ್ನು ಚೋರ್ ಬಜಾರಿನಲ್ಲಿ ಅತ್ತರಿನ ಬುಡ್ಡಿಯೆಂದು ಕೊಂಡು ತಂದರು. ಮನೆಯವರಿಗೆ ಕೊಡಬೇಕೆಂದು ಆಸೆ. ಪುಣ್ಯಕ್ಕೆ ಕೊಡುವ ಮೊದಲು ಇಲ್ಲಿ ತೋರಿಸಿದರು. ಇದು ಅತ್ತರಿನದಲ್ಲ. ಉಬ್ಬಸದವರು ಮದ್ದನ್ನು ಉಸಿರಿನೊಡನೆ ಎಳೆದುಕೊಳ್ಳುತ್ತಿದ್ದ ಉಪಕರಣ. ನೆಬ್ಯುಲೈಸರ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ನೆಬ್ಯುಲ ಎಂದರೆ ಮಂಜು. ಕೈಯಿಂದ ಒತ್ತಿ ಮಂಜು ಮಾಡುವ ಬುಡ್ಡಿ ಎಂದರೆ ಸರಿಯಾದೀತು.

ಉಬ್ಬಸ, ದಮ್ಮು, ಗೂರಲು ಎಂದು ನಮ್ಮ ಒಂದೊಂದು ಜಿಲ್ಲೆಯವರು ಒಂದೊಂದು ಹೆಸರಿನಿಂದ ಕರೆಯುವ ಈ ವ್ಯಾಧಿ ನಮಗೆ ಹೊಸತಲ್ಲ. ಹೋಟೆಲಿನ ಒಲೆಯ ಮುಂದೆ ನಿಂತವರಿದ್ದೇವೆ, ಗೋದಾಮಿನ ಧೂಳಿನಲ್ಲಿ ಮೂಟೆ ಎಣಿಸಿದವರಿದ್ದೇವೆ, ಹಳೆಯ ಕಡತಗಳ ನಡುವೆ ಗುಮಾಸ್ತೆ ಕೆಲಸ ಮಾಡಿದವರಿದ್ದೇವೆ. ಪರೇಲ, ಲಾಲಬಾಗ ಕಡೆಯ ಗಿರಣಿಗಳಲ್ಲಿ ದುಡಿದ ಹಿರಿಯರಿಗೆ ಹತ್ತಿಯ ಧೂಳು ಎದೆಗೆ ಕೂತದ್ದು ಗೊತ್ತಿದೆ. ವಾರದ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹೋದ ದಿನವೇ ಎದೆ ಬಿಗಿಯುವ ಆ ಗಿರಣಿ ರೋಗ ಬೇರೆ, ಉಬ್ಬಸ ಬೇರೆ; ಆದರೆ ಉಸಿರು ಸಿಗದಾಗಿನ ಭಯ ಎರಡರಲ್ಲೂ ಒಂದೇ.

ಈ ವಾಚನಾಲಯದ ಬೆಂಚಿನ ಮೇಲೆಯೇ ನಾವು ಮೂರು ಮಾತುಗಳನ್ನು ಮತ್ತೆ ಮತ್ತೆ ಕೇಳಿದ್ದೇವೆ. ಒಂದು, ಪಂಪು ಬಾಯಿಗೆ ಹಿಡಿದರೆ ಅದೇ ಚಟವಾಗುತ್ತದೆ. ಎರಡು, ದವಾಖಾನೆಯಲ್ಲಿ ಮಶೀನು ಇಟ್ಟು ಹೊಗೆ ಕೊಡುತ್ತಾರಲ್ಲ, ಅದೇ ಗಟ್ಟಿ ಮದ್ದು. ಮೂರು, ಗುಳಿಗೆ ಸೌಮ್ಯ, ಪಂಪು ಉಗ್ರ. ಈ ಮೂರೂ ತಲೆಕೆಳಗಾದ ಮಾತುಗಳು. ಏಕೆ ತಲೆಕೆಳಗು ಎಂಬುದನ್ನು ಈ ಗಾಜಿನ ಬುಡ್ಡಿ ಚೆನ್ನಾಗಿ ತೋರಿಸಿಕೊಡುತ್ತದೆ. ಅದಕ್ಕಾಗಿಯೇ ಈ ಮಾತು.

ಮೊದಲು ಇದು ಕೆಲಸ ಮಾಡುವ ಬಗೆ. ಮಾಟುಂಗಾ ಸ್ಟೇಷನ್ನಿನಲ್ಲಿ ನಿಂತಿದ್ದೀರಿ. ನಿಲ್ಲದ ಫಾಸ್ಟ್ ಗಾಡಿ ಪಕ್ಕದಲ್ಲಿ ಹಾದುಹೋಗುತ್ತದೆ. ನೆಲದ ಮೇಲಿನ ಕಾಗದದ ಚೂರು ಗಾಡಿಯ ಕಡೆಗೆ ಎಳೆದುಕೊಂಡು ಹೋಗುತ್ತದೆ, ದೂರಕ್ಕೆ ಹಾರುವುದಿಲ್ಲ. ರಭಸದಿಂದ ಓಡುವ ಗಾಳಿ ತನ್ನ ಪಕ್ಕದಲ್ಲಿದ್ದುದನ್ನು ಎಳೆದುಕೊಳ್ಳುತ್ತದೆ. ಈ ಬುಡ್ಡಿಯೊಳಗೆ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರವುಳ್ಳ ಒಂದು ನಳಿಕೆ ಇದೆ. ಚೆಂಡನ್ನು ಒತ್ತಿದಾಗ ಗಾಳಿ ಆ ರಂಧ್ರದಿಂದ ರಭಸವಾಗಿ ಹೊರಡುತ್ತದೆ. ಅದರ ಬಾಯಿಗೆ ತಾಗಿಕೊಂಡೇ ಇನ್ನೊಂದು ಸಣ್ಣ ನಳಿಕೆ ನಿಂತಿದೆ. ಅದರ ಕಾಲು ತಳದಲ್ಲಿರುವ ಮದ್ದಿನೊಳಗೆ ಮುಳುಗಿದೆ. ಗಾಳಿಯ ರಭಸಕ್ಕೆ ಮದ್ದು ಮೇಲೇರುತ್ತದೆ, ನಳಿಕೆಯ ತುದಿಯಲ್ಲಿ ಗಾಳಿಗೆ ಸಿಕ್ಕಿ ಚೂರು ಚೂರಾಗುತ್ತದೆ. ತಿಗಣೆಗೆ ಹೊಡೆಯುವ ಫ್ಲಿಟ್ ಪಂಪು, ಅತ್ತರಿನ ತುಂತುರು ಬುಡ್ಡಿ ಎಲ್ಲವೂ ಒಂದೇ ಮನೆತನ. ಚೆಂಡಿನ ಹಿಂಬದಿಯಲ್ಲಿ ಒಂದು ಸಣ್ಣ ಕವಾಟವುಂಟು: ಒತ್ತಿದಾಗ ಮುಚ್ಚಿಕೊಳ್ಳುತ್ತದೆ, ಕೈ ಬಿಟ್ಟಾಗ ತೆರೆದು ಹೊಸ ಗಾಳಿಯನ್ನು ಒಳಗೆ ಬಿಡುತ್ತದೆ. ಅಷ್ಟೇ ಯಂತ್ರ.

ಇಷ್ಟಾದರೆ ಇದು ಬರಿಯ ಫ್ಲಿಟ್ ಪಂಪು. ಮದ್ದಿನ ಬುಡ್ಡಿಯಾಗುವುದು ಮುಂದಿನ ಒಂದು ಉಪಾಯದಿಂದ. ಗಾಜಿನ ಬುಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿದರೆ, ತುಂತುರು ನೇರವಾಗಿ ಬಾಯಿಯಿಂದ ಹೊರಬರದಂತೆ ಎದುರಿಗೆ ಗಾಜಿನ ಗೋಡೆ ಅಡ್ಡವಾಗಿದೆ. ಏಕೆ ಈ ತಡೆ? ದೊಡ್ಡ ಹನಿಗಳಿಗೆ ತಿರುವು ಹೊರಳಲು ಬರುವುದಿಲ್ಲ. ಹೋಗಿ ಗೋಡೆಗೆ ಬಡಿದು, ಜಾರಿ, ಮತ್ತೆ ತಳದ ಮದ್ದಿಗೆ ಸೇರುತ್ತವೆ. ತೀರ ಸಣ್ಣ ಹನಿಗಳು ಮಾತ್ರ ಗಾಳಿಯೊಡನೆ ಹೊರಳಿ ಹೊರಗೆ ಬರುತ್ತವೆ. ಅಕ್ಕಿಯನ್ನು ಜರಡಿ ಹಿಡಿದಂತೆ. ಮದುವೆ ಮನೆಯ ಪನ್ನೀರುದಾನಿ ಹಾರಿಸುವುದು ಹನಿ. ಇದು ಬಿಡುವುದು ಹನಿಯಲ್ಲ, ಮಂಜು.

ಈ ಜರಡಿಯೇ ಎಲ್ಲಕ್ಕೂ ಮುಖ್ಯ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಬರುವ ಒಂದು ಪಾಲಿಗೆ ಮೈಕ್ರಾನ್ ಎನ್ನುತ್ತಾರೆ. ಹತ್ತು ಮೈಕ್ರಾನಿಗಿಂತ ದೊಡ್ಡ ಹನಿ ಉಸಿರಿನೊಡನೆ ಒಳಗೆ ಹೋದರೂ ಬಾಯಿ, ಗಂಟಲಿನ ತಿರುವಿನಲ್ಲಿಯೇ ಬಡಿದು ನಿಲ್ಲುತ್ತದೆ. ಅಲ್ಲಿಂದ ಹೊಟ್ಟೆಗೆ ಇಳಿಯುತ್ತದೆ. ಒಂದರಿಂದ ಐದು ಮೈಕ್ರಾನಿನವು ಶ್ವಾಸನಾಳಗಳ ಸಣ್ಣ ಕವಲುಗಳವರೆಗೆ ತಲಪುತ್ತವೆ. ಅದಕ್ಕಿಂತ ಸಣ್ಣವುಗಳಲ್ಲಿ ಒಂದಂಶ, ಬಂದ ದಾರಿಯಲ್ಲಿಯೇ ಉಸಿರಿನೊಡನೆ ಹೊರಟುಹೋಗುತ್ತದೆ. ತಲೆಗೂದಲಿನ ದಪ್ಪದ ಹತ್ತು ಹದಿನೈದರಲ್ಲಿ ಒಂದು ಪಾಲು ಐದು ಮೈಕ್ರಾನ್. ಒಂದು ಲೆಕ್ಕ ಹೇಳುತ್ತೇವೆ. ಗುಮಾಸ್ತೆಗಳಿಗೆ ಲೆಕ್ಕ ರುಚಿಸುತ್ತದೆ. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಒಂದೇ ತೊಟ್ಟು ಮದ್ದನ್ನು ಐದು ಮೈಕ್ರಾನಿನ ಹನಿಗಳಾಗಿ ಒಡೆದಾಗ ಸುಮಾರು 76 ಕೋಟಿ ಹನಿಗಳಾಗುತ್ತವೆ. ಅಂಗೈ ಒಂದರ ಬಲದಿಂದ ಈ ಕೆಲಸ ಆಗುತ್ತಿತ್ತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಬಿಡೋಣ. ಹಬೆಯೂ ಮಂಜೂ ಒಂದಲ್ಲ. ಮಶೀನಿನ ಮದ್ದನ್ನು ಕುದಿಯುವ ನೀರಿಗೆ ಸುರಿದು, ತಲೆಗೆ ಹೊದಿಕೆ ಹಾಕಿ ಹಬೆ ತೆಗೆದುಕೊಂಡವರನ್ನು ನಾವು ಬಲ್ಲೆವು. ನೀರು ಆವಿಯಾಗುತ್ತದೆ, ಮದ್ದು ಪಾತ್ರೆಯಲ್ಲಿಯೇ ಉಳಿಯುತ್ತದೆ. ಸಮುದ್ರದ ನೀರು ಆವಿಯಾಗಿ ಉಪ್ಪು ಉಳಿದಂತೆ. ಹಣವೂ ಹೋಯಿತು, ಮುಖವೂ ಸುಟ್ಟಿತು.

ಉಸಿರಿನ ದಾರಿಯಲ್ಲೇ ಮದ್ದು ಏಕೆ ಹೋಗಬೇಕು? ಗುಳಿಗೆ ನುಂಗಿದರಾಗದೆ? ಉಬ್ಬಸದಲ್ಲಿ ಶ್ವಾಸನಾಳಗಳ ಗೋಡೆ ಊದಿಕೊಂಡಿರುತ್ತದೆ, ಅದರ ಸುತ್ತಲಿನ ಸ್ನಾಯು ಬಿಗಿದುಕೊಂಡಿರುತ್ತದೆ, ಒಳಗೆ ಅಂಟು ಕಫ ಕಟ್ಟಿರುತ್ತದೆ. ತೊಂದರೆ ಇರುವುದು ಅಲ್ಲಿ. ಗುಳಿಗೆ ಮೊದಲು ಹೊಟ್ಟೆಗೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ಮೈಯೆಲ್ಲಕ್ಕೂ ಹೋಗಿ, ಅದರಲ್ಲಿ ಒಂದು ಪಾಲು ಮಾತ್ರ ಎದೆಗೆ ಮುಟ್ಟುತ್ತದೆ. ದಾದರಿನ ಒಬ್ಬರಿಗೆ ಕಾಗದ ಮುಟ್ಟಿಸಲು ಇಡೀ ಮುಂಬಯಿಗೆ ಅಂಚೆ ಹಂಚಿದ ಹಾಗೆ. ಸಾಲ್ಬುಟಮಾಲ್ ಎಂಬ ಮದ್ದಿನ ದೊಡ್ಡ ಗುಳಿಗೆಯಲ್ಲಿ 4 ಮಿಲಿಗ್ರಾಂ ಇರುತ್ತದೆ. ಅದೇ ಮದ್ದು ಪಂಪಿನ ಒಂದು ಒತ್ತಿನಲ್ಲಿ 100 ಮೈಕ್ರೊಗ್ರಾಂ. ಅಂದರೆ ಒಂದು ಗುಳಿಗೆಗೆ ನಲವತ್ತು ಒತ್ತು. ಮಶೀನಿನ ಬಟ್ಟಲಿಗೆ ಸುರಿಯುವುದು ಸಾಮಾನ್ಯವಾಗಿ 2.5 ಮಿಲಿಗ್ರಾಂ, ಅಂದರೆ ಇಪ್ಪತ್ತೈದು ಒತ್ತು. ಅದರಲ್ಲಿಯೂ ಬಹುಪಾಲು ಬಟ್ಟಲಿನ ಗೋಡೆಗೂ ಕೋಣೆಯ ಗಾಳಿಗೂ ಹೋಗುತ್ತದೆ. ಮೂರರಲ್ಲಿಯೂ ಇರುವುದು ಒಂದೇ ಮದ್ದು. ಹಾಗಾದರೆ ಸೌಮ್ಯ ಯಾವುದು, ಉಗ್ರ ಯಾವುದು ಎಂದು ತಾವೇ ಹೇಳಿ. ಗುಳಿಗೆ ನುಂಗಿದವರ ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು ಹೆಚ್ಚು, ಗುಣ ಕಾಣುವುದು ನಿಧಾನ.

ಮದ್ದನ್ನು ಉಸಿರಿನೊಡನೆ ಕಳಿಸುವ ಯೋಚನೆ ನಮ್ಮ ದೇಶಕ್ಕೆ ಹಳೆಯದು. ಆಯುರ್ವೇದದಲ್ಲಿ ಶ್ವಾಸಕ್ಕೆ ಔಷಧಿಯ ಧೂಮ ಹೇಳಿದೆ. ಮದ್ರಾಸಿನಲ್ಲಿ ಉಬ್ಬಸದವರು ದತ್ತೂರಿಯ ಗಿಡವನ್ನು ಒಣಗಿಸಿ ಸೇದುವ ರೂಢಿಯಿತ್ತು. ಅಲ್ಲಿದ್ದ ಡಾ. ಜೇಮ್ಸ್ ಆಂಡರ್ಸನ್ ಎಂಬ ವೈದ್ಯರಿಂದ ಇದನ್ನು ತಿಳಿದ ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಕೊಂಡೊಯ್ದರು. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಅಲ್ಲಿ ಉಬ್ಬಸದ ಬೀಡಿ, ಉಬ್ಬಸದ ಸಿಗರೇಟು ಮಾರಾಟವಾದುವು. ದತ್ತೂರಿ ವಿಷ, ಈ ಮಾತು ಕೇಳಿ ಯಾರೂ ಬೇಲಿಯ ಬದಿಗೆ ಹೋಗಬಾರದು. ಆದರೆ ಅದರಲ್ಲಿರುವ ಅಟ್ರೋಪಿನ್ ಎಂಬುದರ ಜಾಡು ಹಿಡಿದು ಮಾಡಿದ ಇಪ್ರಟ್ರೋಪಿಯಂ ಎಂಬ ಮದ್ದನ್ನು ಈಗಲೂ ಮಶೀನಿನ ಬಟ್ಟಲಿಗೆ ಸಾಲ್ಬುಟಮಾಲಿನೊಡನೆ ಸೇರಿಸುತ್ತಾರೆ. ಮದ್ರಾಸಿನ ಬೀದಿಬದಿಯ ಗಿಡದ ದೂರದ ನೆಂಟ ಅದು.

ಹೊಗೆಯಾಗಿ ಸುಡದೆ, ದ್ರವವಾಗಿರುವ ಮದ್ದನ್ನೇ ತುಂತುರು ಮಾಡುವ ಉಪಕರಣ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅಲ್ಲಿ ಖನಿಜ ನೀರಿನ ಬುಗ್ಗೆಗಳಿಗೆ ರೋಗಿಗಳು ಆರೋಗ್ಯಕ್ಕಾಗಿ ಹೋಗುತ್ತಿದ್ದರು. ಪಿಯರ್‌ಫೋಂ ಎಂಬ ಬುಗ್ಗೆಯೂರಿನ ವೈದ್ಯ ಸಾಲ್ ಜಿರೋಂ ಎಂಬವರು 1858ರಲ್ಲಿ ಕೈಯಲ್ಲಿ ಒಯ್ಯಬಹುದಾದ ಒಂದು ಯಂತ್ರವನ್ನು ಮಾಡಿ ತೋರಿಸಿದರು. ಸೈಕಲ್ಲಿನ ಪಂಪಿನಂತೆ ಹಿಡಿ ಎಳೆದು ಒತ್ತಿದರೆ ದ್ರವ ಒತ್ತಡದಿಂದ ನುಗ್ಗಿ, ಎದುರಿನ ತಟ್ಟೆಗೆ ಬಡಿದು ಪುಡಿಯಾಗುತ್ತಿತ್ತು. ಎದುರಿಗೆ ತಡೆ ಇಡುವ ಉಪಾಯ ಅಂದಿನದೇ. ಕೆಲವೇ ವರ್ಷಗಳಲ್ಲಿ ರಬ್ಬರಿನ ಚೆಂಡು ಬಂತು. 1866ರಲ್ಲಿ ಲಂಡನ್ನಿನ ರಿಚರ್ಡ್‌ಸನ್ ಎಂಬ ವೈದ್ಯರು ಈಥರನ್ನು ಚೆಂಡಿನಿಂದ ಚಿಮುಕಿಸಿ ಚರ್ಮವನ್ನು ಮರಗಟ್ಟಿಸಿ ಸಣ್ಣ ಶಸ್ತ್ರಕ್ರಿಯೆ ಮಾಡುವುದನ್ನು ತೋರಿಸಿದರು. ಅಮೆರಿಕದ ಟೊಲೀಡೊ ಊರಿನಲ್ಲಿ ಕಿವಿ ಮೂಗು ಗಂಟಲಿನ ವೈದ್ಯ ಅಲೆನ್ ಡಿ ವಿಲ್ಬಿಸ್ ಗಂಟಲಿಗೆ ಮದ್ದು ಚಿಮುಕಿಸುವ ಬುಡ್ಡಿ ಮಾಡಿ, 1888ರಲ್ಲಿ ಅದಕ್ಕೇ ಒಂದು ಕಂಪನಿ ಹೂಡಿದರು. ಅವರ ಮಗ ಅದೇ ತತ್ತ್ವದಿಂದ ಅತ್ತರಿನ ಬುಡ್ಡಿಯನ್ನೂ ಬಣ್ಣ ಹೊಡೆಯುವ ಪಂಪನ್ನೂ ಮಾಡಿದರು. ಆದ್ದರಿಂದ ಚೋರ್ ಬಜಾರಿನಲ್ಲಿ ನಮ್ಮ ಸದಸ್ಯರಿಗಾದ ಭ್ರಮೆ ಅಷ್ಟೇನೂ ಪೆದ್ದುತನದ್ದಲ್ಲ. ಮದ್ದು, ಅತ್ತರು, ಬಣ್ಣ ಮೂರೂ ಒಂದೇ ಮನೆಯಿಂದ ಹೊರಟವು.

ಬುಡ್ಡಿ ಇತ್ತು, ಅದರಲ್ಲಿ ತುಂಬಲು ಉಬ್ಬಸಕ್ಕೆ ತಕ್ಕ ಮದ್ದು ಇರಲಿಲ್ಲ. 1901ರಲ್ಲಿ ಜಪಾನಿನ ರಸಾಯನಜ್ಞ ಜೋಕಿಚಿ ತಾಕಾಮಿನೆ ಅಡ್ರಿನಲಿನ್ ಎಂಬುದನ್ನು ಶುದ್ಧವಾಗಿ ಬೇರ್ಪಡಿಸಿದ ಮೇಲೆ ಆ ಕೊರತೆ ನೀಗಿತು. ಸೂಜಿಮದ್ದಾಗಿ ಕೊಡುತ್ತಿದ್ದುದನ್ನು ತುಂತುರಾಗಿ ಕೊಟ್ಟರೂ ಎದೆ ಬಿಡುತ್ತದೆ ಎಂದು ಕಂಡಿತು. 1929ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಪತ್ರಿಕೆಯಲ್ಲಿ ಇದರ ವರದಿ ಬಂತು. ಮುಂದಿನ ಕಾಲು ಶತಮಾನ ಈ ಗಾಜಿನ ಬುಡ್ಡಿಯ ಕಾಲ. ರೋಗಿ ದವಾಖಾನೆಗೆ ಓಡದೆ, ವಿದ್ಯುತ್ತಿಲ್ಲದೆ, ಸೂಜಿಯಿಲ್ಲದೆ, ತನ್ನ ಮನೆಯಲ್ಲಿ ತಾನೇ ತನ್ನ ಉಸಿರನ್ನು ಬಿಡಿಸಿಕೊಳ್ಳಲು ಸಾಧ್ಯವಾದದ್ದು ಆಗ. ಇದು ಸಣ್ಣ ಸಂಗತಿಯಲ್ಲ.

ಆದರೂ ಬುಡ್ಡಿಯ ತೊಡಕುಗಳನ್ನು ಹೇಳದೆ ಬಿಟ್ಟರೆ ಅರ್ಧ ಸತ್ಯ ಹೇಳಿದಂತೆ. ಗಾಜು ಒಡೆಯುತ್ತದೆ. ರಬ್ಬರು ಸೆಕೆಗೆ ಬಿರಿಯುತ್ತದೆ. ಅಡ್ರಿನಲಿನ್ ಗಾಳಿ ಬೆಳಕುಗಳಿಗೆ ಸಿಕ್ಕಿದರೆ ಮೊದಲು ಗುಲಾಬಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಕೆಡುತ್ತದೆ. ಸೂಜಿಗೆ ಬಳಸುವುದು ಸಾವಿರಕ್ಕೊಂದು ಪಾಲಿನ ದ್ರಾವಣ. ಬುಡ್ಡಿಗೆ ನೂರಕ್ಕೊಂದು ಪಾಲಿನದು, ಹತ್ತು ಪಟ್ಟು ಗಟ್ಟಿ. ಎರಡು ಸೀಸೆಗಳು ಅದಲುಬದಲಾದರೆ ಪ್ರಾಣಕ್ಕೇ ಬಂತು. ಎಲ್ಲಕ್ಕಿಂತ ದೊಡ್ಡ ದೋಷವೆಂದರೆ ಅಳತೆ ಇಲ್ಲದ್ದು. ಬಲವಾದ ಕೈ ಒತ್ತಿದರೆ ಒಂದಷ್ಟು ಮದ್ದು, ಸೋತ ಕೈ ಒತ್ತಿದರೆ ಇನ್ನಷ್ಟು. ಉಸಿರು ಕಟ್ಟಿದವನ ಕೈಯಲ್ಲಿ ಬಲವೆಲ್ಲಿ?

ಈ ದೋಷವನ್ನು ಬಾಯಿಬಿಟ್ಟು ಹೇಳಿದ್ದು ಹದಿಮೂರು ವರ್ಷದ ಒಬ್ಬ ಹುಡುಗಿ. ಅಮೆರಿಕದ ರೈಕರ್ ಎಂಬ ಔಷಧಿ ಕಂಪನಿಯ ಅಧ್ಯಕ್ಷ ಜಾರ್ಜ್ ಮೇಸನ್ ಎಂಬವರ ಮಗಳಿಗೆ ಉಬ್ಬಸವಿತ್ತು. ಇಂಥದೇ ಬುಡ್ಡಿಯನ್ನು ಒತ್ತಿ ಒತ್ತಿ ಬೇಸತ್ತ ಅವಳು 1955ರಲ್ಲಿ ತಂದೆಯನ್ನು ಕೇಳಿದಳು: ಕೂದಲಿಗೆ ಹೊಡೆಯುವ ತುಂತುರು ಡಬ್ಬಿಯಲ್ಲಿ ಬರುತ್ತದೆ, ನನ್ನ ಮದ್ದು ಏಕೆ ಹಾಗೆ ಬರಬಾರದು? ತಂದೆ ಮಾತನ್ನು ತಳ್ಳಿಹಾಕಲಿಲ್ಲ. ಪ್ರತಿ ಒತ್ತಿಗೂ ಅಷ್ಟೇ ಅಳತೆಯ ಮದ್ದು ಬಿಡುವ ಕವಾಟವನ್ನು ಡಬ್ಬಿಗೆ ಕೂಡಿಸಿ, 1956ರಲ್ಲಿ ಅವರ ಕಂಪನಿ ಮೊದಲ ಅಳತೆ ಪಂಪನ್ನು ಹೊರತಂದಿತು. ಇಂದು ನಮ್ಮ ಜೇಬಿನಲ್ಲಿರುವ ಇನ್ಹೇಲರ್ ಅದರ ವಂಶದ್ದೇ. ಕೆಲವೇ ವರ್ಷಗಳಲ್ಲಿ ಗಾಜಿನ ಬುಡ್ಡಿಗಳು ಕಪಾಟು ಸೇರಿದುವು.

ಇಲ್ಲಿಗೆ ಕಥೆ ಸುಖಾಂತವಾಗಲಿಲ್ಲ. 1960ರ ದಶಕದ ನಡುಭಾಗದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೊದಲಾದ ಕಡೆ ಉಬ್ಬಸದಿಂದ ಸಾಯುವವರ ಸಂಖ್ಯೆ ಏರಿತು. ಸತ್ತವರಲ್ಲಿ ಎಳೆಯರು ಬಹಳ. ಆಗ ಮಾರುತ್ತಿದ್ದ ಐಸೊಪ್ರಿನಲಿನ್ ಎಂಬ ಮದ್ದಿನ ಗಟ್ಟಿ ಪಂಪಿನ ಮೇಲೆ ಬೊಟ್ಟು ಹೋಯಿತು. ಎಚ್ಚರಿಕೆ ಕೊಟ್ಟ ಮೇಲೆ ಮಾರಾಟ ಇಳಿಯಿತು, ಸಾವೂ ಇಳಿಯಿತು. ಮದ್ದೇ ಹೃದಯವನ್ನು ಹೊಡೆಯಿತೇ, ಇಲ್ಲವೆ ಮತ್ತೆ ಮತ್ತೆ ಒತ್ತುತ್ತ ದವಾಖಾನೆಗೆ ಹೋಗಲು ತಡಮಾಡಿದರೇ ಎಂದು ತಜ್ಞರು ಬಹುಕಾಲ ವಾದಿಸಿದರು. 1969ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಸಾಲ್ಬುಟಮಾಲ್, ಹೃದಯಕ್ಕೆ ಅಷ್ಟು ತೊಂದರೆ ಕೊಡದೆ ಶ್ವಾಸನಾಳವನ್ನು ಬಿಡಿಸುವ ಮದ್ದು. ಆದ್ದರಿಂದ ಅದು ನಿಂತಿತು.

ಚಟದ ಮಾತಿಗೆ ಉತ್ತರವೂ ಇಲ್ಲಿಯೇ ಇದೆ. ಬಿಗಿದ ಸ್ನಾಯುವನ್ನು ಬಿಡಿಸುವ ಮದ್ದು ಒಂದು. ಅದರ ಪಂಪು ಸಾಮಾನ್ಯವಾಗಿ ನೀಲಿ. ಊದಿಕೊಂಡ ಗೋಡೆಯನ್ನು ತಣಿಸುವ ಮದ್ದು ಇನ್ನೊಂದು. ಅದು ಬುಡೆಸೊನೈಡ್ ಮೊದಲಾದ ಸ್ಟಿರಾಯ್ಡ್ ಜಾತಿಯದು, ಉಬ್ಬಸ ಇಲ್ಲದ ದಿನವೂ ವೈದ್ಯರು ಹೇಳಿದಂತೆ ತೆಗೆದುಕೊಳ್ಳಬೇಕಾದದ್ದು. ನಮ್ಮಲ್ಲಿ ಹಲವರು ಮಾಡುವುದೇನು? ಎರಡನೆಯದನ್ನು ದುಬಾರಿಯೆಂದೋ ಸ್ಟಿರಾಯ್ಡ್ ಎಂಬ ಹೆಸರಿಗೆ ಹೆದರಿಯೋ ಬಿಟ್ಟು, ನೀಲಿಯದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ. ಗೋಡೆ ಊದುತ್ತಲೇ ಹೋಗುತ್ತದೆ, ಒತ್ತು ಹೆಚ್ಚುತ್ತಲೇ ಹೋಗುತ್ತದೆ. ನೋಡಿದವರು ಚಟವಾಯಿತು ಎನ್ನುತ್ತಾರೆ. ಮಾಳಿಗೆ ಸೋರುತ್ತಿದ್ದರೆ ಬಕೆಟ್ಟು ಇಡುವುದು ಬಕೆಟ್ಟಿನ ಚಟವೆ? ಉಬ್ಬಸದ ಚಿಕಿತ್ಸೆಗೆ ಜಗತ್ತಿನ ವೈದ್ಯರು ನೋಡಿಕೊಳ್ಳುವ ಗೀನಾ ಸಂಸ್ಥೆಯ ಕೈಪಿಡಿ, ನೀಲಿ ಪಂಪೊಂದನ್ನೇ ನೆಚ್ಚುವ ಚಿಕಿತ್ಸೆ ಕೂಡದೆಂದು 2019ರಿಂದ ಸ್ಪಷ್ಟವಾಗಿಯೇ ಹೇಳುತ್ತ ಬಂದಿದೆ. ಸ್ಟಿರಾಯ್ಡ್ ಪಂಪಿನ ಅಳತೆಯೂ ಗುಳಿಗೆಯ ಮುಂದೆ ಬಹಳ ಕಿರಿದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆಯ ಮೇಲೆ ಬಿಳಿ ಅಗ್ರ ಕಟ್ಟುತ್ತದೆ.

ಈಗ ಮಶೀನಿನ ಮಾತು. ದವಾಖಾನೆಯಲ್ಲಿ ಗುರ್ ಎನ್ನುವ ಪೆಟ್ಟಿಗೆ ಈ ರಬ್ಬರ್ ಚೆಂಡಿನ ಕೆಲಸವನ್ನೇ ವಿದ್ಯುತ್ತಿನಿಂದ ಮಾಡುತ್ತದೆ. ಬಟ್ಟಲಿನೊಳಗಿನ ನಳಿಕೆ, ತಡೆ ಎಲ್ಲ ಅದೇ. ಅದರ ಬಟ್ಟಲಿಗೆ ನಿಮಿಷಕ್ಕೆ 6ರಿಂದ 9 ಲೀಟರ್ ಗಾಳಿ ಬೇಕು. ಒಂದು ಒತ್ತಿಗೆ 50 ಮಿಲಿಲೀಟರ್ ಗಾಳಿ ಬರುವ ಚೆಂಡು ಎಂದಿಟ್ಟುಕೊಳ್ಳಿ. ನಿಮಿಷಕ್ಕೆ 120 ಸಲ ಒತ್ತಬೇಕಾದೀತು. ಆದ್ದರಿಂದ ಹಳೆಯ ಕಾಲದವರು ಬಿಡದೆ ಒತ್ತುತ್ತಿರಲಿಲ್ಲ. ಉಸಿರು ಎಳೆಯುವಾಗ ಮಾತ್ರ ಒಂದು ಒತ್ತು. ಕರೆಂಟಿಲ್ಲದ ಊರುಗಳಿಗಾಗಿ ಕಾಲಿನಿಂದ ತುಳಿಯುವ ಪಂಪುಗಳೂ ಇವೆ. ವಿಶ್ವ ಆರೋಗ್ಯ ಸಂಸ್ಥೆಯ ಮಕ್ಕಳ ಚಿಕಿತ್ಸೆಯ ಕೈಪಿಡಿ ಅದನ್ನು ಒಪ್ಪಿದೆ, ಅಷ್ಟು ಪರಿಣಾಮಕಾರಿಯಲ್ಲ ಎಂಬ ಮಾತನ್ನೂ ಸೇರಿಸಿದೆ. ಅಮೆರಿಕದ ಮಾರ್ಕೆಟ್ ವಿಶ್ವವಿದ್ಯಾಲಯದ ಎಂಜಿನಿಯರರು ಸೈಕಲ್ ತುಳಿದು ನಡೆಸುವ ಮಶೀನನ್ನು ಮಾಡಿದ್ದಾರೆ. ಕೈಯ ಬುಡ್ಡಿ ಹೋದರೂ ಅದರ ಅಗತ್ಯ ಹೋಗಿಲ್ಲ.

ಆ ಅಗತ್ಯ ನಮಗೆ ಮನವರಿಕೆಯಾದದ್ದು 2005ರ ಜುಲೈ 26ರ ರಾತ್ರಿ. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ. ನಾವು ಆರು ಮಂದಿ ಉಪನಗರದ ಒಂದು ಕೋಣೆಯಲ್ಲಿದ್ದೆವು. ಕೆಳಗಿನ ಮಾಳಿಗೆ ನೀರಿನಲ್ಲಿ, ಕರೆಂಟಿಲ್ಲ, ರಿಕ್ಷಾ ಇಲ್ಲ, ಫೋನು ಸತ್ತಿದೆ. ಪಕ್ಕದ ಕೋಣೆಯ ಹಿರಿಯರಿಗೆ ಉಬ್ಬಸ ಹತ್ತಿತು. ಅವರು ಮಶೀನನ್ನೇ ನೆಚ್ಚಿದವರು. ಪಂಪು ಚಟವೆಂದು ಇಟ್ಟುಕೊಂಡಿರಲಿಲ್ಲ. ಮಶೀನು ಕತ್ತಲಲ್ಲಿ ಸುಮ್ಮನೆ ಕೂತಿತ್ತು. ಅವರ ಮಗ ಬಂದು ಬಾಗಿಲು ಬಡಿದ. “ಅಣ್ಣಾ, ಅಪ್ಪನಿಗೆ ಮಾತೇ ಹೊರಡ್ತಿಲ್ಲ” ಎಂದ. ಮಹಡಿಯಿಂದ ಮಹಡಿಗೆ ಹೋಗಿ ಬಾಗಿಲು ಬಡಿದೆವು. ನಾಲ್ಕನೆಯ ಮಹಡಿಯಲ್ಲಿ ಒಬ್ಬ ಹೋಟೆಲ್ ಹುಡುಗ ಟ್ರಂಕಿನ ತಳದಿಂದ ನೀಲಿ ಪಂಪು ತೆಗೆದುಕೊಟ್ಟ. ಯಜಮಾನರಿಗೆ ತಿಳಿದರೆ ಕೆಲಸದಿಂದ ತೆಗೆದಾರು ಎಂದು ಎರಡು ವರ್ಷ ಯಾರಿಗೂ ಹೇಳದೆ ಬಚ್ಚಿಟ್ಟಿದ್ದನಂತೆ. ಹಿರಿಯರಿಗೆ ಪಂಪನ್ನು ಉಸಿರಿಗೆ ಸರಿಯಾಗಿ ಒತ್ತಲು ಆಗಲೊಲ್ಲದು. ಮದ್ದು ನಾಲಿಗೆಗೇ ಹೋಗುತ್ತಿತ್ತು. ಆಗ ನಮ್ಮೊಡನಿದ್ದ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಅರ್ಧ ಲೀಟರಿನ ನೀರಿನ ಬಾಟಲಿ ಕೇಳಿದರು.

ಅವರು ಮಾಡಿದ್ದು ಸ್ವಂತ ಬುದ್ಧಿಯಲ್ಲ. 1999ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ ಹೆದರ್ ಝಾರ್ ಎಂಬ ವೈದ್ಯೆಯೂ ಜೊತೆಗಾರರೂ ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ, 500 ಮಿಲಿಲೀಟರಿನ ಪ್ಲಾಸ್ಟಿಕ್ ಬಾಟಲಿ ಅಂಗಡಿಯ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಬೇಕು, ಸಂದಿಗೆ ಅಂಟುಪಟ್ಟಿ ಸುತ್ತಬೇಕು. ಬಾಟಲಿಯ ಬಾಯಿ ರೋಗಿಯ ಬಾಯಿಗೆ. ಪಂಪನ್ನು ಕುಲುಕಿ ಒಂದು ಒತ್ತು. ನಾಲ್ಕೈದು ಸಲ ಬಾಟಲಿಯಿಂದಲೇ ನಿಧಾನವಾಗಿ ಉಸಿರಾಟ. ಮತ್ತೆ ಕುಲುಕಿ ಇನ್ನೊಂದು ಒತ್ತು. ದೊಡ್ಡ ಹನಿಗಳು ಬಾಟಲಿಯ ಗೋಡೆಗೆ ಅಂಟುತ್ತವೆ, ಸಣ್ಣವು ಎದೆಗೆ ಹೋಗುತ್ತವೆ. ಗಾಜಿನ ಬುಡ್ಡಿಯ ಅದೇ ಜರಡಿ! ಒತ್ತೂ ಉಸಿರೂ ಒಂದೇ ಕ್ಷಣಕ್ಕೆ ಕೂಡಬೇಕೆಂಬ ಕಷ್ಟ ತಪ್ಪಿತು. ಗೆಳೆಯರು ಕೈಬೆರಳಿನಲ್ಲಿ ಎಣಿಸುತ್ತ ಒತ್ತಿದರು. ಅರ್ಧ ಗಂಟೆಯ ಮೇಲೆ ಹಿರಿಯರು ಗೋಡೆಗೆ ಒರಗಿ, “ನೀರು ಎಷ್ಟು ಏರಿತು?” ಎಂದು ಕೇಳಿದರು. ಪೂರ್ತಿ ಮಾತು ಹೊರಟಿತು. ಮರುದಿನ ಮಧ್ಯಾಹ್ನ ನೀರು ಇಳಿದ ಮೇಲೆ ಅವರನ್ನು ಆಸ್ಪತ್ರೆಗೆ ಒಯ್ದೆವು.

ಪ್ರಾಣಾಪಾಯದ ಘಟ್ಟಕ್ಕೆ ಹೋಗದ ಉಬ್ಬಸದಲ್ಲಿ ಸ್ಪೇಸರ್ ಕೂಡಿಸಿದ ಪಂಪು ಮಶೀನಿಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ. ಬಿಗಿ ಹತ್ತಿದ ಮೊದಲ ಗಂಟೆಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ 4ರಿಂದ 10 ಒತ್ತು ಎಂದು ಗೀನಾ ಕೈಪಿಡಿ ಹೇಳುತ್ತದೆ. ಆದರೆ ಒತ್ತುತ್ತ ಕೂರಬಾರದು. ಒಂದು ಪೂರ್ತಿ ವಾಕ್ಯ ಆಡಲಾಗದಿದ್ದರೆ, ತುಟಿ ಉಗುರು ನೀಲಿಗಟ್ಟಿದರೆ, ಮಂಪರು ಕವಿದರೆ, ಇಲ್ಲವೆ ಅಲ್ಲಿಯವರೆಗೆ ಕೇಳುತ್ತಿದ್ದ ಸಿಳ್ಳು ನಿಂತು ಎದೆ ಸದ್ದಿಲ್ಲದೆ ಹೋದರೆ, ಒತ್ತುತ್ತಲೇ ಆಸ್ಪತ್ರೆಗೆ ಹೊರಡಬೇಕು. ಸಿಳ್ಳು ನಿಂತಿತೆಂದು ಸಮಾಧಾನಪಟ್ಟು ಮಲಗಿಸಿಬಿಡುವ ಮನೆಗಳುಂಟು. ಆ ಮೌನ ಗುಣದ ಲಕ್ಷಣವಲ್ಲ. ಗಾಳಿ ಆಡುವುದೇ ನಿಂತಿದೆ ಎಂದು ಅರ್ಥ.

ಹೈದರಾಬಾದಿನ ನಮ್ಮ ಬಂಧುಗಳು ಕೆಲವರು ಮೃಗಶಿರೆಯ ದಿನ ಅಲ್ಲಿ ಕೊಡುವ ಮೀನಿನ ಮದ್ದಿನ ವಿಚಾರ ಕೇಳಿದ್ದಾರೆ. ಹಳದಿ ಮದ್ದನ್ನು ಸಣ್ಣ ಜೀವಂತ ಮೀನಿನ ಬಾಯಲ್ಲಿಟ್ಟು ರೋಗಿಯ ಗಂಟಲಿಗೆ ಇಳಿಸುತ್ತಾರೆ. ನಾವು ಯಾರ ನಂಬಿಕೆಯನ್ನೂ ಹಳಿಯಲು ಬಂದಿಲ್ಲ. ಮೀನು ಹೋಗುವುದು ಹೊಟ್ಟೆಗೆ, ವ್ಯಾಧಿ ಇರುವುದು ಶ್ವಾಸನಾಳದಲ್ಲಿ, ಅದರಿಂದ ಉಬ್ಬಸ ವಾಸಿಯಾಗುತ್ತದೆಂಬುದು ಪರೀಕ್ಷೆಯಲ್ಲಿ ಸಿದ್ಧವಾಗಿಲ್ಲ. ಹೋಗುವವರು ಹೋಗಲಿ, ಜೇಬಿನಲ್ಲಿ ಪಂಪು ಇಟ್ಟುಕೊಂಡು ಹೋಗಲಿ.

ಹೋಟೆಲ್ ಹುಡುಗನ ಟ್ರಂಕನ್ನು ನಾವು ಮರೆತಿಲ್ಲ. ಕೆಲಸ ಹೋದೀತೆಂದು ಬಚ್ಚಿಡುವವರು, ಮದುವೆ ತಪ್ಪೀತೆಂದು ಬಚ್ಚಿಡುವವರು ಇದ್ದಾರೆ. ಒಂದೇ ಕೋಣೆಯಲ್ಲಿ ಆರೇಳು ಮಂದಿ ಮಲಗುವ ನಮಗೆ, ಯಾರಿಗೆ ಉಬ್ಬಸವಿದೆ, ಪಂಪು ಯಾವ ಗೂಡಿನಲ್ಲಿದೆ ಎಂದು ಗೊತ್ತಿರಲೇಬೇಕು. ಕೋಣೆಯೊಳಗೆ ಬೀಡಿ, ಊದುಬತ್ತಿ, ಸೊಳ್ಳೆ ಸುರುಳಿಯ ಹೊಗೆ ಬೇಡ. ಇ.ಎಸ್.ಐ. ಚೀಟಿ ಉಳ್ಳವರು ಅಲ್ಲಿಯ ದವಾಖಾನೆಯಲ್ಲಿ, ಇಲ್ಲದವರು ಸರಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಅಂಗಡಿಯಲ್ಲಿ ವಿಚಾರಿಸಬೇಕು. ಸಾಲ್ಬುಟಮಾಲ್, ಬುಡೆಸೊನೈಡ್ ಎರಡೂ ಸರಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ.

ಮನೆಯಲ್ಲಿ ಮಶೀನು ಇದ್ದವರಿಗೆ ಒಂದೆರಡು ಮಾತು. ಮದ್ದಿಗೆ ಬೆರೆಸುವುದು ಅಂಗಡಿಯ ಶುದ್ಧ ಸಲೈನ್ ಮಾತ್ರ, ನಲ್ಲಿಯ ನೀರಲ್ಲ. ಹನಿಯೊಡನೆ ನೀರಿನ ಕ್ರಿಮಿಯೂ ನೇರವಾಗಿ ಎದೆಗೆ ಹೋಗುತ್ತದೆ. ಉಳಿದ ಮದ್ದನ್ನು ಮುಂದಿನ ಸಲಕ್ಕೆ ಇಡಬಾರದು. ಬಟ್ಟಲು ತೊಳೆದು ಆರಬೇಕು. ಒಬ್ಬರ ಬಾಯಿಕೊಳವೆ ಇನ್ನೊಬ್ಬರಿಗೆ ಬೇಡ. ಸ್ಪೇಸರನ್ನೂ ಬಾಟಲಿಯನ್ನೂ ಸಾಬೂನು ನೀರಿನಲ್ಲಿ ಅದ್ದಿ ಹಾಗೆಯೇ ಆರಲು ಬಿಡಬೇಕು. ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕು ವಿದ್ಯುತ್ತು ಹಿಡಿದು ಹನಿಗಳನ್ನು ತನ್ನ ಗೋಡೆಗೇ ಎಳೆದುಕೊಳ್ಳುತ್ತದೆ.

ಕಡೆಯದಾಗಿ ಪಂಪಿನ ಲೆಕ್ಕ. ನೀಲಿ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಒತ್ತು ಇರುತ್ತದೆ. ಮದ್ದು ಮುಗಿದ ಮೇಲೂ ಒಳಗಿನ ಅನಿಲ ಸ್ವಲ್ಪ ದಿನ ಫುಸ್ ಎನ್ನುತ್ತಲೇ ಇರುತ್ತದೆ; ಆದ್ದರಿಂದ ಕಿವಿಯನ್ನು ನಂಬಲಾಗದು. ಕೊಂಡ ದಿನವೇ ಡಬ್ಬಿಯ ಮೇಲೆ ತಾರೀಖು ಬರೆದಿಡಿ, ಒತ್ತುಗಳನ್ನು ಕ್ಯಾಲೆಂಡರಿನ ಮೇಲೆ ಗೀಟು ಹಾಕಿ. ಅಂಕಿ ತೋರಿಸುವ ಡಬ್ಬಿ ಸಿಕ್ಕಿದರೆ ಅದನ್ನೇ ಕೊಳ್ಳಿ. 180 ಮುಟ್ಟಿದಾಗ ಹೊಸದನ್ನು ತಂದಿಡಿ. ಮಳೆಗಾಲ ಹತ್ತಿರವಿದ್ದರೆ ಅದಕ್ಕೂ ಮೊದಲೇ ತನ್ನಿ.